ಸಂಜ್ಞಾ ಭಾಷೆಯಲ್ಲಿ ಹಾಡು: ಕಿವುಡರಿಗೆ ಕಾಣುವುದೇನು, ಕಿವಿ ಕೇಳುವವರಿಗೆ ಕಾಣುವುದೇನು?

ಧ್ವನಿವರ್ಧಕದಲ್ಲಿ ಹಾಡು ಬರುತ್ತಿರುತ್ತದೆ. ವೇದಿಕೆಯ ಮೇಲೆ ಸಾಲಾಗಿ ನಿಂತವರು ಅದೇ ಹಾಡನ್ನು ಕೈಗಳಲ್ಲಿ ಹೇಳುತ್ತಿರುತ್ತಾರೆ. ಇಂಥ ಕಾರ್ಯಕ್ರಮವನ್ನೋ ವಿಡಿಯೊವನ್ನೋ ನೀವು ನೋಡಿರಬಹುದು. 2017ರ ಆಗಸ್ಟ್‌ನಲ್ಲಿ ಗೋವಿಂದ್ ನಿಹಲಾನಿ ನಿರ್ದೇಶನದ, ಅಮಿತಾಭ್ ಬಚ್ಚನ್ ಜೊತೆ ಮಕ್ಕಳು ಕಾಣಿಸಿಕೊಂಡ ಸಂಜ್ಞಾ ಭಾಷೆಯ ರಾಷ್ಟ್ರಗೀತೆ ದೇಶದಾದ್ಯಂತ ಸುದ್ದಿಯಾಗಿತ್ತು.

ಕಿವಿ ಕೇಳುವವರಲ್ಲಿ ಅನೇಕರಿಗೆ ಇಂಥ ಪ್ರದರ್ಶನ ಮನ ಮುಟ್ಟುತ್ತದೆ. ಕಿವುಡರಲ್ಲಿ ಮಾತ್ರ ಅಭಿಪ್ರಾಯ ಒಂದೇ ಇಲ್ಲ. ಕೆಲವರು ಸಂತೋಷಪಡುತ್ತಾರೆ, ಕೆಲವರಿಗೆ ಆಸಕ್ತಿ ಇಲ್ಲ, ಇನ್ನು ಕೆಲವರಿಗೆ ಬೇಸರವಿದೆ. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬುದನ್ನು ನೆರೆಯ ಕೇರಳದ ಕೆಲವು ಉದಾಹರಣೆಗಳೊಂದಿಗೆ ನೋಡೋಣ.

ಸಂಜ್ಞಾ ಭಾಷೆ ಎಂದರೆ ಅಭಿನಯವಲ್ಲ

ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ. ಅದು ಮಲಯಾಳವನ್ನೋ ಕನ್ನಡವನ್ನೋ ಕೈಯಲ್ಲಿ ತೋರಿಸುವ ವಿಧಾನವಲ್ಲ. ಅದರಲ್ಲಿ ‘ಏನು’, ‘ಎಲ್ಲಿ’ ಎಂಬ ಪ್ರಶ್ನಾಪದಗಳು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ. ಹುಬ್ಬು, ಕಣ್ಣು, ತಲೆಯ ಚಲನೆಗಳೂ ವ್ಯಾಕರಣದ ಭಾಗವೇ. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ನಿಘಂಟು ಹೊರತಂದಿತು. 2021ರ ಆವೃತ್ತಿಯಲ್ಲಿ ಪದಗಳ ಸಂಖ್ಯೆ 10,000ಕ್ಕೆ ಏರಿತು.

ತಿರುವನಂತಪುರದ ಆಕ್ಕುಳಂನಲ್ಲಿರುವ ‘ನಿಷ್’, ಅಂದರೆ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ, 1997ರಲ್ಲಿ ಶುರುವಾಯಿತು. ಅಲ್ಲಿ ಕಿವುಡ ವಿದ್ಯಾರ್ಥಿಗಳಿಗೆ ಪದವಿ ಕೋರ್ಸುಗಳಿವೆ, ಸಂಜ್ಞಾ ಭಾಷಾ ದುಭಾಷಿಗಳಿಗೆ ತರಬೇತಿಯೂ ಇದೆ. ಮಲಯಾಳ ಅಕ್ಷರಗಳನ್ನು ಬೆರಳುಗಳಲ್ಲಿ ತೋರಿಸುವ ಕ್ರಮವನ್ನು ಈ ಸಂಸ್ಥೆ 2021ರಲ್ಲಿ ರೂಪಿಸಿತು. ಇದು ಹೆಸರು, ಊರುಗಳನ್ನು ಅಕ್ಷರಶಃ ಹೇಳಲು ಉಪಯೋಗಕ್ಕೆ ಬರುತ್ತದೆ. ಆದರೆ ಬೆರಳಕ್ಷರ ಕಲಿತ ಮಾತ್ರಕ್ಕೆ ಸಂಜ್ಞಾ ಭಾಷೆ ಬಂದಂತಾಗುವುದಿಲ್ಲ.

ಕಥಕಳಿಯಲ್ಲೂ ಕೈಯೇ ಮಾತಾಡುತ್ತದಲ್ಲ?

ಇದು ಒಳ್ಳೆಯ ಪ್ರಶ್ನೆ. ಫೋರ್ಟ್ ಕೊಚ್ಚಿಯಲ್ಲಿ ಸಂಜೆ ಹೊತ್ತು ಪ್ರವಾಸಿಗರಿಗಾಗಿ ಕಥಕಳಿ ನಡೆಯುತ್ತದೆ. ಆಟಕ್ಕೆ ಮೊದಲು ಮುದ್ರೆಗಳನ್ನು ವಿವರಿಸುವುದೂ ಉಂಟು. ನಮ್ಮ ಯಕ್ಷಗಾನದ ವೇಷಧಾರಿ ಮಾತಾಡುತ್ತಾನೆ, ಕಥಕಳಿಯ ನಟ ಮಾತಾಡುವುದಿಲ್ಲ. ಹಿಂದೆ ಭಾಗವತರು ಹಾಡುತ್ತಾರೆ, ಮುಂದೆ ನಟ ‘ಹಸ್ತಲಕ್ಷಣ ದೀಪಿಕಾ’ದ 24 ಮೂಲ ಮುದ್ರೆಗಳನ್ನು ಜೋಡಿಸಿ ಪದ್ಯದ ಅರ್ಥವನ್ನು ಕೈಯಲ್ಲಿ ಹೇಳುತ್ತಾನೆ.

ಆದರೆ ಮುದ್ರೆ ರಂಗದ ಭಾಷೆ. ಅದರಲ್ಲಿ ಯಾರೂ ಮನೆಯಲ್ಲಿ ಜಗಳವಾಡುವುದಿಲ್ಲ, ಅಂಗಡಿಯಲ್ಲಿ ಸಾಮಾನು ಕೇಳುವುದಿಲ್ಲ. ಇನ್ನೂ ಮುಖ್ಯವಾದ ವ್ಯತ್ಯಾಸವೊಂದಿದೆ. ಮುದ್ರೆ ಗೊತ್ತಿಲ್ಲದ ಪ್ರೇಕ್ಷಕನಿಗೂ ಹಾಡು ಕೇಳಿಸುತ್ತದೆ. ಕೈ ಹೇಳಿದ್ದು ಅರ್ಥವಾಗದಿದ್ದರೆ ಹಾಡೇ ಕೈಹಿಡಿದು ನಡೆಸುತ್ತದೆ. ಸಂಜ್ಞಾ ಭಾಷೆಯ ಹಾಡನ್ನು ನೋಡುವಾಗಲೂ ಕಿವಿ ಕೇಳುವವರಿಗೆ ಆಗುವುದು ಇದೇ. ಅರ್ಥ ಬರುವುದು ಕಿವಿಯಿಂದ, ಆದರೆ ಕೈಯಿಂದಲೇ ಬಂತು ಎಂದು ಅವರಿಗೆ ಅನಿಸುತ್ತದೆ. ಕಿವುಡ ಪ್ರೇಕ್ಷಕರಿಗೆ ಈ ಆಸರೆ ಇಲ್ಲ. ಅವರ ಪಾಲಿಗೆ ಕೈ ಹೇಳಿದ್ದಷ್ಟೇ ಹಾಡು.

ಬೇಸರ ಏಕೆ?

ಮೊದಲನೆಯದು, ಪದಕ್ಕೆ ಪದ ಇಡುವುದು. ‘ಅವಳು ಕಣ್ಣಿಗೆ ಬಿದ್ದಳು’ ಎಂಬುದನ್ನು ‘ಕಣ್ಣು’, ‘ಬೀಳು’ ಎಂದು ಎರಡು ಸಂಜ್ಞೆಗಳಲ್ಲಿ ತೋರಿಸಿದರೆ ಅದು ಅಪಘಾತದ ಸುದ್ದಿಯಂತಾಗುತ್ತದೆ. ‘ಹೊಟ್ಟೆಕಿಚ್ಚು’ ಹೊಟ್ಟೆನೋವಾಗುತ್ತದೆ. ಹಾಡಿನ ತುಂಬ ಇಂಥ ನುಡಿಗಟ್ಟುಗಳೇ ಇರುತ್ತವೆ.

ಎರಡನೆಯದು, ವೇಗ. ಹಾಡಿನ ಲಯಕ್ಕೆ ಹೊಂದಿಸಲು ಹೋಗಿ ಸಂಜ್ಞೆಗಳನ್ನು ಅರ್ಧಕ್ಕೇ ಬಿಡುತ್ತಾರೆ. ಅಂದ ಕಾಣಲೆಂದು ಕೈಯನ್ನು ಅಲೆಯಂತೆ ಬೀಸಿದರೆ ಸಂಜ್ಞೆಯ ಅರ್ಥವೇ ಬದಲಾಗಬಹುದು.

ಮೂರನೆಯದು, ಗಮನ ಯಾರ ಕಡೆಗೆ ಎಂಬುದು. 2020ರ ಫೆಬ್ರುವರಿಯಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯದಲ್ಲಿ ಕಿವುಡ ಕಲಾವಿದೆ ಕ್ರಿಸ್ಟೀನ್ ಸನ್ ಕಿಮ್ ರಾಷ್ಟ್ರಗೀತೆಯನ್ನು ಸಂಜ್ಞಾ ಭಾಷೆಯಲ್ಲಿ ಪ್ರಸ್ತುತಪಡಿಸಿದರು. ಟಿ.ವಿ. ಪ್ರಸಾರ ಅವರನ್ನು ಕೆಲವೇ ಸೆಕೆಂಡು ತೋರಿಸಿ ಬೇರೆಡೆ ತಿರುಗಿತು. ಮನೆಯಲ್ಲಿ ಕುಳಿತು ನೋಡುತ್ತಿದ್ದ ಕಿವುಡರಿಗೆ ಹಾಡು ಅಲ್ಲಿಗೇ ನಿಂತಿತು. ಈ ನಿರಾಸೆಯನ್ನು ಅವರು ಪತ್ರಿಕೆಯಲ್ಲಿ ಬರೆದರು.

ಹಾಗಾದರೆ ಕಿವುಡರಿಗೆ ಸಂಗೀತ ಬೇಡವೆ?

ಹಾಗೇನಿಲ್ಲ. ಸಂಗೀತ ಶಿಕ್ಷಣ ತಜ್ಞೆ ಆಲಿಸ್-ಆನ್ ಡ್ಯಾರೋ ಅಮೆರಿಕದ ಕಿವುಡರ ನಡುವೆ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಿನವರ ಬದುಕಿನಲ್ಲಿ ಸಂಗೀತಕ್ಕೆ ಒಂದಿಷ್ಟಾದರೂ ಸ್ಥಾನವಿತ್ತು. ಆ ಸ್ಥಾನ ಎಷ್ಟು ಎಂಬುದು ಅವರು ಯಾವ ಸಮುದಾಯದೊಂದಿಗೆ ಗುರುತಿಸಿಕೊಳ್ಳುತ್ತಾರೆ ಎಂಬುದನ್ನು ಅವಲಂಬಿಸಿತ್ತು. ದೊಡ್ಡವರಾದ ಮೇಲೆ ಕಿವಿ ಕಳೆದುಕೊಂಡವರಿಗೆ ಹಳೆಯ ಹಾಡು ನೆನಪಿನಲ್ಲಿರುತ್ತದೆ. ಹುಟ್ಟಿನಿಂದ ಕಿವುಡರಾದವರಿಗೆ ಹಾಡಿಗಿಂತ ಸಂಜ್ಞಾ ಭಾಷೆಯಲ್ಲೇ ಹುಟ್ಟಿದ ಕವಿತೆ, ಕಥೆ ಹೆಚ್ಚು ಹತ್ತಿರವಾಗಬಹುದು. ಫಿನ್ಲೆಂಡಿನ ಕಿವುಡ ರ‍್ಯಾಪರ್ ಸೈನ್‌ಮಾರ್ಕ್ ಸಂಜ್ಞಾ ಭಾಷೆಯಲ್ಲೇ ಹಾಡು ಕಟ್ಟುತ್ತಾರೆ.

ಶಬ್ದ ಮೈಗೂ ತಾಗುತ್ತದೆ. ತೃಪ್ಪೂಣಿತ್ತುರ ದೇವಸ್ಥಾನದ ಉತ್ಸವದಲ್ಲಿ ಚೆಂಡೆಮೇಳದ ಹತ್ತಿರ ನಿಂತರೆ ಅದು ಎದೆಗೂಡಿನಲ್ಲೇ ಬಡಿದಂತಾಗುತ್ತದೆ. ಕೇರಳದ ವಿಶೇಷ ಶಾಲೆಗಳ ರಾಜ್ಯ ಕಲೋತ್ಸವದಲ್ಲಿ ಕಿವುಡ ಮಕ್ಕಳು ಕುಣಿಯುವಾಗ ಶಿಕ್ಷಕರು ವೇದಿಕೆಯ ಮುಂದೆ ನಿಂತು ತಾಳವನ್ನು ಕೈಯಲ್ಲಿ ತೋರಿಸುತ್ತಾರೆ.

ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳ ಸಂಗತಿ ಇನ್ನೊಂದು ಬಗೆ. ಕೇರಳ ಸರ್ಕಾರದ ‘ಶ್ರುತಿತರಂಗಂ’ ಯೋಜನೆಯಿಂದ ಅಲ್ಲಿ ಅನೇಕ ಮಕ್ಕಳಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ. ಇಂಪ್ಲಾಂಟ್ ಮೂಲಕ ತಾಳ ಸಾಕಷ್ಟು ಚೆನ್ನಾಗಿ ತಿಳಿಯುತ್ತದೆ, ರಾಗದ ಏರಿಳಿತ ಅಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ. ನಿಮ್ಮ ಮಗು ಹಾಡಿಗೆ ಹೆಜ್ಜೆ ಹಾಕಿಯೂ ರಾಗ ಹಿಡಿಯದಿದ್ದರೆ ಅದು ಮಗುವಿನ ತಪ್ಪಲ್ಲ.

ಒಂದು ಎಚ್ಚರಿಕೆ: ಕಂಪನ ಚೆನ್ನಾಗಿ ತಿಳಿಯಲೆಂದು ಮಕ್ಕಳನ್ನು ಧ್ವನಿವರ್ಧಕದ ಪಕ್ಕದಲ್ಲೇ ನಿಲ್ಲಿಸಬೇಡಿ. ಉಳಿದಿರುವ ಅಲ್ಪಸ್ವಲ್ಪ ಶ್ರವಣಶಕ್ತಿಗೂ ಅದು ಹಾನಿ ಮಾಡಬಹುದು. ಸಂಗೀತ ಕಾರ್ಯಕ್ರಮಗಳಲ್ಲಿ ಸರಾಸರಿ ಶಬ್ದ 100 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಬಲೂನನ್ನು ಅಂಗೈಗಳ ನಡುವೆ ಹಿಡಿಸುವುದು, ಮರದ ಹಲಗೆಯ ಮೇಲೆ ಬರಿಗಾಲಲ್ಲಿ ನಿಲ್ಲಿಸುವುದು ಸುರಕ್ಷಿತ ದಾರಿಗಳು.

ನೀವು ಇಂಥ ಕಾರ್ಯಕ್ರಮ ಮಾಡುವುದಾದರೆ

• ಅಭ್ಯಾಸದ ವಿಡಿಯೊವನ್ನು ಧ್ವನಿ ಪೂರ್ತಿ ತೆಗೆದು, ಹಾಡು ಗೊತ್ತಿಲ್ಲದ ಕಿವುಡರೊಬ್ಬರಿಗೆ ತೋರಿಸಿ. ಅವರಿಗೆ ಅರ್ಥವಾಗದಿದ್ದರೆ ಅದು ನೃತ್ಯ, ಸಂಜ್ಞಾ ಭಾಷೆಯ ಹಾಡಲ್ಲ.
• ಅನುವಾದದ ಹಂತದಿಂದಲೇ ಸಂಜ್ಞಾ ಭಾಷೆ ಬಲ್ಲ ಕಿವುಡರನ್ನು ಸೇರಿಸಿಕೊಳ್ಳಿ. ಅವರ ಕೆಲಸಕ್ಕೆ ಸಂಭಾವನೆ ಕೊಡಿ.
• ಮುಖ ಮತ್ತು ಎರಡೂ ಕೈಗಳು ಕಡೆಯವರೆಗೆ ಕಾಣುವಂತೆ ಚಿತ್ರೀಕರಿಸಿ. ಮೈಬಣ್ಣಕ್ಕಿಂತ ಬೇರೆಯಾಗಿ ಕಾಣುವ, ಚಿತ್ತಾರವಿಲ್ಲದ ಬಟ್ಟೆ ಇರಲಿ.
• ಹಾಡಿನ ಸಾಲುಗಳನ್ನು ಪರದೆಯ ಮೇಲೆ ಬರಹದಲ್ಲಿ ಕೊಡಿ. ಸಂಜ್ಞಾ ಭಾಷೆ ಬಾರದ ಕಿವುಡರೂ ಇದ್ದಾರೆ.
• ‘ಮೂಗ’, ‘ಪಾಪ’ ಎಂಬ ಮಾತು ನಿರೂಪಣೆಯಲ್ಲಿ ಬೇಡ.

ಹಾಡು ಮುಗಿದ ಮೇಲೆ

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣ ವೈಕಲ್ಯವಿರುವವರು ಸುಮಾರು 50.7 ಲಕ್ಷ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಂವಹನ’ ಎಂಬ ಪದದಲ್ಲಿ ಸಂಜ್ಞಾ ಭಾಷೆಯನ್ನೂ ಸೇರಿಸಿದೆ. ಆದರೂ ಒಂದು ಇಡೀ ಹಾಡನ್ನು ಸಂಜ್ಞೆಯಲ್ಲಿ ಕಲಿತವರಿಗೆ ‘ಊಟವಾದ ಮೇಲೆ’, ‘ದಿನಕ್ಕೆ ಎರಡು ಸಲ’, ‘ಈ ಔಷಧಿ ಮೊದಲು ಮೈಗೆ ಒಗ್ಗದೆ ಹೋಗಿತ್ತೇ?’ ಎಂಬುದನ್ನು ಹೇಳಲು ಬಾರದಿರಬಹುದು. ಫಾರ್ಮಸಿಸ್ಟ್ ಆಗಿ ಹೇಳುವುದಾದರೆ, ಕಿವುಡರ ಆರೋಗ್ಯಕ್ಕೆ ಮೊದಲು ಬೇಕಾದವು ಈ ಮೂರು ವಾಕ್ಯಗಳು.

ಕಿವುಡರೊಬ್ಬರು ನಿಮ್ಮ ಅಂಗಡಿಗೋ ಆಸ್ಪತ್ರೆಗೋ ಬಂದರೆ ಎದುರಿಗೆ ನಿಂತು, ಮುಖ ಕಾಣುವಂತೆ ಮಾತಾಡಿ. ಮಾತ್ರೆಯ ಪಟ್ಟಿಯ ಮೇಲೆ ಸೂರ್ಯ, ಚಂದ್ರ, ತಟ್ಟೆಯ ಚಿತ್ರ ಬರೆದು ತೋರಿಸಿ. ಅನೇಕ ಕಿವುಡರಿಗೆ ಬರಹದ ಭಾಷೆ ಎರಡನೆಯ ಭಾಷೆಯಾದ್ದರಿಂದ ವಾಕ್ಯಗಳು ಚಿಕ್ಕದಾಗಿರಲಿ. ಜೊತೆಗೆ ಬಂದ ಚಿಕ್ಕ ಮಗುವನ್ನು ದುಭಾಷಿ ಮಾಡಬೇಡಿ. ಕೊನೆಗೆ, ಔಷಧಿಯನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂದು ಅವರಿಂದಲೇ ತೋರಿಸಿಕೊಳ್ಳಿ. ಅವರು ಸರಿಯಾಗಿ ತೋರಿಸಿದರೆ ನೀವು ಹೇಳಿದ್ದು ತಲುಪಿದೆ ಎಂದರ್ಥ.