ಮಾಣಿಕನಗರ: ಹುಮನಾಬಾದಿನ ಮಗ್ಗುಲಲ್ಲಿ ಸಕಲಮತಗಳ ಊರು

ಪ್ರಾಚೀನ ಕರ್ನಾಟಕದ ಪಟ್ಟಣಗಳ ರಚನೆಯನ್ನು ಶಾಸನಗಳಿಂದ ಅರಿಯಹೊರಟವರಿಗೆ ಪುರ, ಕೇರಿ, ಅಗ್ರಹಾರ, ಬ್ರಹ್ಮಪುರಿ ಎಂಬ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ಪಟ್ಟಣವೆಂಬುದು ಹಲವು ವಸತಿಗಳ ಕೂಟವಾಗಿತ್ತು. ಕಲ್ಯಾಣ ಚಾಲುಕ್ಯರ ಕಾಲದ ಬಳ್ಳಿಗಾವೆಯಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧರ ಆಲಯಗಳು ಒಂದೇ ಊರಿನಲ್ಲಿದ್ದವು. ‘ಸುಕುಮಾರಚರಿತೆ’ಯ ಕವಿ ಶಾಂತಿನಾಥನ ಪ್ರೇರಣೆಯಿಂದ 1068ರಲ್ಲಿ ಅಲ್ಲಿನ ಶಾಂತಿನಾಥ ಬಸದಿ ಶಿಲಾಮಯವಾಯಿತು. ಆದರೆ ಈ ಸಹಜೀವನದಲ್ಲಿ ಪ್ರತಿಯೊಂದು ಸಮಯಕ್ಕೂ ತನ್ನದೇ ಆಲಯ, ತನ್ನದೇ ದತ್ತಿ, ತನ್ನದೇ ಆಚಾರ್ಯಪರಂಪರೆ ಇತ್ತು. ಅನೇಕ ಮತಗಳ ಜನ ಒಂದೇ ಕೇಂದ್ರದ ಸುತ್ತ ಸೇರಿ ಬಾಳಬಹುದೇ ಎಂಬುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಗೆ 19ನೆಯ ಶತಮಾನದಲ್ಲಿ ದೊರೆತ ಒಂದು ಉತ್ತರ ಮಾಣಿಕನಗರ.

ಹುಮನಾಬಾದ್ ಪಟ್ಟಣದ ಹೊರವಲಯದಲ್ಲಿ, ಗುರುಗಂಗಾ ಮತ್ತು ವಿರಜಾ ಎಂಬ ಹಳ್ಳಗಳು ಕೂಡುವೆಡೆಯಲ್ಲಿ ಈ ವಸತಿಯಿದೆ. ಇದರ ಹಿನ್ನೆಲೆಯಲ್ಲಿರುವುದು ಕಲ್ಯಾಣದ ಸೀಮೆ. ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ ತಂದ ಮೇಲೆ ಈ ನೆಲ ಚಾಲುಕ್ಯರನ್ನೂ ಕಳಚುರಿ ಬಿಜ್ಜಳನನ್ನೂ ಬಸವಾದಿ ಶರಣರನ್ನೂ ಕಂಡಿತು. ಬಳಿಕ ಯಾದವರು, ಬಹಮನಿಗಳು, ಮೊಗಲರು ಬಂದರು. ಕೊನೆಯಲ್ಲಿ ಹೈದರಾಬಾದಿನ ನಿಜಾಮರ ಅಧೀನದಲ್ಲಿ ಕಲ್ಯಾಣದ ನವಾಬರ ಜಹಗೀರು ಏರ್ಪಟ್ಟಿತು. ಹೀಗಾಗಿ ಮುಡಬಿ, ಲಾಡವಂತಿ ಮೊದಲಾದ ಹಳ್ಳಿಗಳನ್ನೊಳಗೊಂಡ ಈ ಸೀಮೆಯಲ್ಲಿ ಕನ್ನಡದೊಡನೆ ಮರಾಠಿ, ಉರ್ದು, ತೆಲುಗುಗಳು ಬೆರೆತಿವೆ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಭಾಷೆ ಬಳಸುವುದು ಇಲ್ಲಿನವರಿಗೆ ಪಾಂಡಿತ್ಯವಲ್ಲ, ದಿನಚರಿ.

ಮಾಣಿಕಪ್ರಭುಗಳು ಜನಿಸಿದ್ದು 1817ರಲ್ಲಿ, ಇದೇ ಲಾಡವಂತಿಯಲ್ಲಿ. ತಂದೆ ಮನೋಹರ ನಾಯಕ, ತಾಯಿ ಬಯಾದೇವಿ. ಬಾಲ್ಯ ಕಳೆದದ್ದು ಕಲ್ಯಾಣದಲ್ಲಿ. ಮನೆಯ ಹಿರಿಯರು ಅವರನ್ನು ಸುಂಕದ ಕಟ್ಟೆಯ ಕೆಲಸಕ್ಕೆ ಹಚ್ಚಿದರೆಂದೂ ಅದನ್ನು ತೊರೆದು ಸಂಚಾರ ಹೊರಟರೆಂದೂ ಸಂಪ್ರದಾಯದ ಚರಿತ್ರೆಗಳು ಹೇಳುತ್ತವೆ. 1845ರಲ್ಲಿ ಅವರು ಹುಮನಾಬಾದಿನ ಬಳಿ ನೆಲೆನಿಂತರು. ಅವರ ಸುತ್ತ ಭಕ್ತರು, ಗಾಯಕರು, ಫಕೀರರು, ಬಡವರು ಸೇರಿದರು, ಬಯಲು ಊರಾಯಿತು. ಅರಸನ ಶಾಸನದಿಂದ ಹುಟ್ಟಿದ ಅಗ್ರಹಾರವಲ್ಲ ಇದು, ವ್ಯಾಪಾರದಿಂದ ಬೆಳೆದ ಪೇಟೆಯೂ ಅಲ್ಲ; ಒಬ್ಬ ಸಂತನ ಸನ್ನಿಧಿಯೇ ಇದರ ಬುನಾದಿ. 1865ರಲ್ಲಿ ಅವರು ಸಮಾಧಿಸ್ಥರಾದರು. ಸಮಾಧಿಮಂದಿರವೇ ಊರಿನ ನಡುಮನೆಯಾಯಿತು. ಗುರುಪೀಠವು ಅವರ ತಮ್ಮನ ವಂಶದಲ್ಲಿ ಮುಂದುವರಿಯಿತು.

ಪ್ರಭುಗಳು ಸ್ಥಾಪಿಸಿದ ಪಂಥದ ಹೆಸರು ಸಕಲಮತ ಸಂಪ್ರದಾಯ. ಎಲ್ಲ ಮತಗಳೂ ಒಂದೇ ಚೈತನ್ಯದ ಕಡೆಗೆ ಸಾಗುವ ದಾರಿಗಳು. ಆದುದರಿಂದ ಯಾರೂ ತಮ್ಮ ಮತವನ್ನು ಬಿಡಬೇಕಾಗಿಲ್ಲ ಎಂಬುದು ಅದರ ಸಾರ. ಈ ತತ್ತ್ವದ ಸಾಮಾಜಿಕ ರೂಪವನ್ನು ಭಕ್ತರ ಭಾವನೆಯಲ್ಲೇ ಕಾಣಬಹುದು. ಪ್ರಭುಗಳು ಕೆಲವರಿಗೆ ದತ್ತಾವತಾರ, ಲಿಂಗಾಯತ ಭಕ್ತರಿಗೆ ಬಸವಣ್ಣನ ಅವತಾರ, ಮುಸ್ಲಿಮರಿಗೆ ಮೆಹಬೂಬ್ ಸುಬ್ಹಾನಿ, ಅಂದರೆ ಬಾಗ್ದಾದಿನ ಸೂಫಿ ಸಂತ ಅಬ್ದುಲ್ ಖಾದಿರ್ ಜೀಲಾನಿಯವರ ಸ್ವರೂಪ. ಒಂದೇ ಅಂಗಳಕ್ಕೆ ಬರುವವರು ತಮ್ಮ ತಮ್ಮ ಹೆಸರುಗಳನ್ನು ಜೊತೆಗೇ ತರುತ್ತಿದ್ದರು. ದತ್ತಜಯಂತಿಯ ಉತ್ಸವ, ದರ್ಬಾರು, ಅನ್ನದಾನ, ಅಹೋರಾತ್ರಿಯ ಸಂಗೀತ ಇವು ಆ ಅಂಗಳದ ಸಮಾನ ವ್ಯವಹಾರಗಳು. ಸಿದ್ಧಾಂತದಲ್ಲಿ ಒಪ್ಪದವರೂ ಪಂಕ್ತಿಯಲ್ಲಿ, ತಾಳದಲ್ಲಿ ಕೂಡಬಹುದಿತ್ತು.

ಜೈನ ವಿದ್ಯಾರ್ಥಿಗೆ ಇಲ್ಲಿ ಅನೇಕಾಂತವಾದ ನೆನಪಾಗುವುದು ಸಹಜ. ಆದರೆ ಎರಡನ್ನೂ ಒಂದೆನ್ನುವುದು ಆತುರವಾದೀತು. ಅನೇಕಾಂತವು ವಸ್ತುವಿನ ಅನಂತಧರ್ಮಗಳನ್ನು ಒಪ್ಪಿ, ಪ್ರತಿಯೊಂದು ಹೇಳಿಕೆಯನ್ನೂ ಅದರ ನಯದ ಮಿತಿಯಲ್ಲಿ ನಿಲ್ಲಿಸುವ ತರ್ಕಕ್ರಮ. ಸಕಲಮತವು ಅದ್ವೈತದ ನೆಲೆಯಿಂದ ಹೊರಟು ಭೇದಗಳ ಹಿಂದೆ ಏಕತೆಯನ್ನು ಕಾಣುತ್ತದೆ. ಒಂದು ಭೇದವನ್ನು ವಸ್ತುವಿನ ಸತ್ಯವೆಂದು ಉಳಿಸಿಕೊಳ್ಳುತ್ತದೆ. ಇನ್ನೊಂದು ಅದನ್ನು ಚೈತನ್ಯದಲ್ಲಿ ಕರಗಿಸುತ್ತದೆ. ಫಲದಲ್ಲಿ ಮಾತ್ರ ಇವು ಹತ್ತಿರ ಬರುತ್ತವೆ: ಎದುರಿನವನ ಮಾತನ್ನು ಸುಳ್ಳೆಂದು ತಳ್ಳುವ ಹಕ್ಕನ್ನು ಎರಡೂ ಕೊಡುವುದಿಲ್ಲ.

ಅಂತೆಯೇ ಕಲ್ಯಾಣದ ಶರಣರ ಮಾರ್ಗವೂ ಇದಲ್ಲ. ಶರಣರು ಕುಲಭೇದವನ್ನೇ ಪ್ರಶ್ನಿಸಿದರು, ಅದಕ್ಕಾಗಿ ಅಪಾರ ಬೆಲೆ ತೆತ್ತರು. ಮಾಣಿಕನಗರವು ಅವರವರ ಆಚಾರವನ್ನು ಅವರವರಿಗೇ ಬಿಟ್ಟು, ಕೂಡುವ ಜಾಗವೊಂದನ್ನು ಕಟ್ಟಿತು. ಇದು ಮೃದುವಾದ ದಾರಿ. ಆ ಮೃದುತ್ವವೇ ಅದರ ಮಿತಿ, ಅದರ ಬಾಳಿಕೆಯ ಗುಟ್ಟೂ ಹೌದು.

ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಪ್ರಭುಗಳ ಪದಗಳು ಮರಾಠಿ, ಕನ್ನಡ, ಹಿಂದುಸ್ತಾನಿ, ಸಂಸ್ಕೃತಗಳಲ್ಲಿವೆ. ಭಾಷೆಯೊಂದನ್ನೇ ಎಲ್ಲೆಯಾಗಿಟ್ಟುಕೊಂಡ ಸಾಹಿತ್ಯ ಚರಿತ್ರೆಗೆ ಇಂಥ ಕರ್ತೃ ತೊಡಕಾಗುತ್ತಾನೆ. ಮರಾಠಿಯ ಚರಿತ್ರೆಗೆ ಆತ ಗಡಿಯಾಚೆಯವನು, ಕನ್ನಡದ ಚರಿತ್ರೆಗೆ ಆತ ಹೆಚ್ಚಾಗಿ ಮರಾಠಿಯವನು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೂ, ಬೀದರ್, ಭಾಲ್ಕಿ, ಹುಮನಾಬಾದ್‌ಗಳು ಮೈಸೂರಿಗೂ ಸೇರಿದವು. ಆಡಳಿತಕ್ಕೆ ಆ ಗೆರೆ ಬೇಕಿತ್ತು. ಆದರೆ ಹಾಡಿನ ನಡುವೆ ಅದನ್ನು ಎಳೆದರೆ, ಒಂದೇ ಅಂಗಳದಲ್ಲಿ ಒಂದೇ ಕಂಠ ಹಾಡಿದ್ದು ಮೂರು ಕಡೆ ಅನಾಥವಾಗುತ್ತದೆ. ಈ ಪದಗಳನ್ನು ಭಾಷೆಗಳಾಗಿ ಬಿಡಿಸಿ ಓದದೆ, ಅವು ಹುಟ್ಟಿದ ಊರಿನ ಮೂಲಕ ಓದುವ ಕ್ರಮ ನಮಗೆ ಬೇಕಾಗಿದೆ.

ಗಡಿಯ ಮೂರೂ ಕಡೆಯ ಜನ ಮಾರ್ಗಶಿರದ ಹುಣ್ಣಿಮೆಗೆ ಮಾಣಿಕನಗರಕ್ಕೆ ಇಂದಿಗೂ ಬರುತ್ತಾರೆ. ಸಂಸ್ಥಾನವು ಅಂಧ ಮಕ್ಕಳ ಶಾಲೆಯನ್ನು ನಡೆಸುತ್ತಿದೆ. ಬಳ್ಳಿಗಾವೆಯ ಬಸದಿ, ವಿಹಾರಗಳನ್ನು ನಾವು ಶಾಸನಗಳಲ್ಲಿ ಹುಡುಕಬೇಕು. ಇಲ್ಲಿನ ಸಹಬಾಳ್ವೆಯನ್ನು ಇನ್ನೂ ಕಣ್ಣಾರೆ ಕಾಣಬಹುದು. ಅದು ಬರಿಯ ಶಾಸನವಾಗಿ ಉಳಿಯುವ ಮುನ್ನ ಅಭ್ಯಾಸಕ್ಕೆ ತೊಡಗುವುದು ಸಂಶೋಧಕರ ಕರ್ತವ್ಯ.