ತಿದಿಯಿಂದ ಸೂರ್ಯನವರೆಗೆ

ಸದರ್ನ್ ಮರಾಠಾ ರೈಲ್ವೆಯು 1885ರ ಸುಮಾರಿಗೆ ಹುಬ್ಬಳ್ಳಿಯಲ್ಲಿ ಕಾರ್ಯಾಗಾರವನ್ನು ಸ್ಥಾಪಿಸಿದಾಗ ಉಗಿಯ ಬಲವು ಕಬ್ಬಿಣವನ್ನು ಮಣಿಸತೊಡಗಿತಾದರೂ, ಧಾರವಾಡ ಸೀಮೆಯ ಹಳ್ಳಿಗಳ ಕುಲುಮೆಗಳಲ್ಲಿ, ಕಂಬಾರನು ಇಕ್ಕಳದಿಂದ ಅಡಿಗಲ್ಲಿನ ಮೇಲೆ ಹಿಡಿದ ಕೆಂಡವರ್ಣದ ಕುಳಕ್ಕೆ ಅವನ ಮಡದಿಯು ಸುತ್ತಿಗೆಯೆತ್ತಿ ಬಡಿಯುವಾಗ, ಮಾನವನ ತೋಳೇ ಏಕೈಕ ಶಕ್ತಿಯಾಗಿ ಬಹುಕಾಲ ಉಳಿಯಿತು. ಹರೀಶ್ ಹಂದೆಯವರು ಸಹಸ್ಥಾಪಕರಾಗಿದ್ದು 1995ರಲ್ಲಿ ಆರಂಭವಾದ ಸೌರಶಕ್ತಿ ಸಂಸ್ಥೆ ಸೆಲ್ಕೊ ಮೊದಲು ಗ್ರಾಮೀಣ ಗೃಹಗಳಿಗೆ ಸೌರದೀಪವನ್ನಿತ್ತಿತು. ತರುವಾಯ ಅದರ ಬಳಗವು ಇಂಥ ಕಂಬಾರರ ಊದುಯಂತ್ರ, ಯಂತ್ರಸುತ್ತಿಗೆಗಳಿಗೂ ಸೂರ್ಯಶಕ್ತಿಯನ್ನು ಹೂಡಿತು. ಯಂತ್ರಸುತ್ತಿಗೆಯ ಭಾರಿ ಮೋಟಾರು ಹೊರಡುವ ಕ್ಷಣದಲ್ಲಿ ವಾಡಿಕೆಯ ಐದಾರು ಪಟ್ಟು ವಿದ್ಯುತ್ತನ್ನು ಸೆಳೆಯುವುದರಿಂದ, ಸೌರಫಲಕದ ವಿಸ್ತಾರದಷ್ಟೇ ಬ್ಯಾಟರಿ, ಇನ್ವರ್ಟರುಗಳ ತಾಳಿಕೆಯೂ ಇಲ್ಲಿ ನಿರ್ಣಾಯಕವಾದುದು. ಕುಲುಮೆಯ ಆ ತೋಳಿನ ದಣಿವನ್ನು ಸೂರ್ಯನು ಹೊತ್ತರೆ ಮಾತ್ರ ಈ ಪುರಾತನ ಕಸುಬು ಮುಂದಿನ ತಲೆಮಾರಿಗೆ ಉಳಿದೀತು. ಅದನ್ನು ಉಳಿಸಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ.