ಬೊರಿವಲಿಯ ಕಲ್ಲು, ನಮ್ಮ ಸಂಘಗಳ ಕಡತ

ಬೊರಿವಲಿಯೆಂದರೆ ನಮ್ಮಲ್ಲಿ ಬಹುಮಂದಿಗೆ ಬೆಳಗಿನ ಗಾಡಿ, ಸಂಜೆಯ ಗಾಡಿ, ವಾರಕ್ಕೊಂದು ಭಾನುವಾರ. ಆ ಒಂದು ಭಾನುವಾರದೊಳಗೇ ಭಜನೆ, ನಾಟಕದ ತಾಲೀಮು, ಮಕ್ಕಳ ಕನ್ನಡ ತರಗತಿ, ಸಂಘದ ಸಭೆ ಎಲ್ಲವೂ ಅಡಕವಾಗಬೇಕು. ಇಂಥ ಊರಿಗೆ ಇತಿಹಾಸವೇನು ಬಂತು ಎಂದು ಕೇಳುವವರುಂಟು. ಒಂದು ಕಾಲಕ್ಕೆ ನಾವೂ ಹಾಗೆಯೇ ತಿಳಿದಿದ್ದೆವು.

ಊರಿನ ಪೂರ್ವಕ್ಕಿರುವ ಕಾಡಿನಲ್ಲಿ ಕಾನ್ಹೇರಿಯ ಗುಹೆಗಳಿವೆಯಷ್ಟೆ. ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಅಲ್ಲಿಗೆ ಹೋಗಿಬಂದವರು ನಮ್ಮಲ್ಲಿ ಅನೇಕರು. ನೂರಕ್ಕೂ ಮಿಕ್ಕ ಆ ಗುಹೆಗಳಲ್ಲಿ 9ನೆಯ ಶತಮಾನದ ಕೆಲವು ಶಾಸನಗಳಿವೆ. ಆಗ ಉತ್ತರ ಕೊಂಕಣವನ್ನಾಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ಪುಲ್ಲಶಕ್ತಿ, ಅವನ ಮಗ ಕಪರ್ದಿ ಎಂಬ ಶಿಲಾಹಾರ ಅರಸರ ಹೆಸರುಗಳೊಡನೆ ಅವರ ಒಡೆಯನಾದ ಅಮೋಘವರ್ಷನ ಹೆಸರೂ ಅಲ್ಲಿದೆ. ‘ಕವಿರಾಜಮಾರ್ಗ’ವು ಯಾರ ಆಸ್ಥಾನದಲ್ಲಿ ಹುಟ್ಟಿತೋ ಆ ನೃಪತುಂಗನೇ ಈತ! ಶಾಸನದ ಭಾಷೆ ಮಾತ್ರ ಸಂಸ್ಕೃತ. ಪುಲ್ಲಶಕ್ತಿಯ ಕಾಲದ ಶಾಸನದಲ್ಲಿ ಇನ್ನೊಂದು ಸ್ವಾರಸ್ಯವಿದೆ. ದಾನ ಕೊಟ್ಟ ಹಣದಲ್ಲಿ ಪೂಜೆಗೆ ಇಷ್ಟು, ದುರಸ್ತಿಗೆ ಇಷ್ಟು, ಭಿಕ್ಷುಗಳ ಬಟ್ಟೆಗೆ ಇಷ್ಟು, ಪುಸ್ತಕಕ್ಕೆ ಇಷ್ಟು ಎಂದು ಲೆಕ್ಕ ಬರೆದಿಟ್ಟಿದ್ದಾರೆ. ನಮ್ಮ ಸಂಘಗಳ ಖಜಾಂಚಿಗಳು ಇದನ್ನೊಮ್ಮೆ ನೋಡಬೇಕು. ಪುಸ್ತಕಕ್ಕೆ ಕಡಿಮೆ ಹಣವೆಂಬುದು ಅಂದೂ ಇದ್ದದ್ದೇ.

ಪಶ್ಚಿಮಕ್ಕೆ ಎಕ್ಸರ್ ಗ್ರಾಮದಲ್ಲಿ ವೀರಗಲ್ಲುಗಳಿವೆ. ಸಾಲುಹುಟ್ಟುಗಳ ಹಡಗುಗಳು ಕಾದಾಡುವ ಚಿತ್ರ ಅವುಗಳಲ್ಲಿದೆ. ಶಿಲಾಹಾರರ ಕೊನೆಯ ಅರಸ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ 1265ರ ಸುಮಾರಿಗೆ ಆದ ಯುದ್ಧವದು ಎಂದು ಕೆಲವು ವಿದ್ವಾಂಸರ ಮತ. ಇನ್ನೂ ಹಳೆಯದೆನ್ನುವವರೂ ಇದ್ದಾರೆ. ಊರ ಹೊರಗಿನ ಮರದಡಿ ವೀರಗಲ್ಲನ್ನು ಕಂಡು ಬೆಳೆದ ನಮಗೆ ಆ ಕಲ್ಲುಗಳನ್ನು ಯಾರೂ ವಿವರಿಸಬೇಕಾಗಿಲ್ಲ. ಇಷ್ಟರಿಂದಲೇ ಬೊರಿವಲಿ ನಮ್ಮದೆಂದು ಹಕ್ಕು ಸಾಧಿಸಹೊರಡುವುದು ಹುಚ್ಚುತನವೇ ಸರಿ. ಇಲ್ಲಿಯ ಕೋಳಿಗಳು, ವಾರಲಿಗಳು, ಈಸ್ಟ್ ಇಂಡಿಯನ್ ಕ್ರೈಸ್ತರು ನಮಗಿಂತ ಎಷ್ಟೋ ಮೊದಲಿನಿಂದ ಈ ನೆಲದಲ್ಲಿ ಬಾಳಿದವರು.

ನಮ್ಮವರು ಇಲ್ಲಿಗೆ ಬಂದದ್ದು ರೈಲಿನಿಂದ. ಕೊಲಾಬಾದಿಂದ ಬೊರಿವಲಿಗೆ 1928ರ ಜನವರಿ 5ರಂದು ವಿದ್ಯುತ್ ಗಾಡಿ ಓಡಿತು. ಆದರೂ ಕನ್ನಡಿಗರ ಸಂಘಜೀವನ ಬಹುಕಾಲ ನಗರದೊಳಗೇ ಇತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಹುಡುಗರು ಮದುವೆಯಾಗಿ ಬಾಡಿಗೆಯ ಕೋಣೆ ಹುಡುಕುವ ಹೊತ್ತಿಗೆ ನಗರದೊಳಗೆ ಜಾಗ ಎಟುಕದಾಗಿ, ಗಾಡಿ ಮುಟ್ಟುವಷ್ಟು ದೂರ ಉತ್ತರಕ್ಕೆ ಸರಿದರು.

ಇಲ್ಲೊಂದು ಮಾತನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು. 1956ರ ನವೆಂಬರ್ 1ರವರೆಗೆ ಧಾರವಾಡ, ಬಿಜಾಪುರ, ಬೆಳಗಾವಿ, ಉತ್ತರ ಕನ್ನಡದವರಿಗೆ ಮುಂಬಯಿ ಸ್ವಂತ ರಾಜಧಾನಿ. ದಕ್ಷಿಣ ಕನ್ನಡದವರಿಗೆ ರಾಜಧಾನಿ ಮದರಾಸು. ಆ ದಿನ ಇವರೆಲ್ಲ ಒಂದೇ ರಾಜ್ಯದವರಾದರು. ಆದರೆ ಅದೇ ದಿನ ಮುಂಬಯಿಯಲ್ಲಿದ್ದ ಧಾರವಾಡದ ಗುಮಾಸ್ತ, ತನ್ನ ಕೋಣೆ ಬಿಟ್ಟು ಕದಲದೆಯೇ, ಪರರಾಜ್ಯದವನಾದ. ಊರಲ್ಲಿ ಹಬ್ಬ, ಇಲ್ಲಿ ಹಬ್ಬದ ಜೊತೆಗೆ ಒಂದು ಬಗೆಯ ಕಸಿವಿಸಿ. ಮೂರು ತಿಂಗಳ ಮೇಲೆ, 1957ರ ಫೆಬ್ರುವರಿ 1ರಂದು, ಬೊರಿವಲಿ ಬೃಹನ್ಮುಂಬಯಿ ಪಾಲಿಕೆಯ ಮೇರೆಯೊಳಗೆ ಸೇರಿತು. ತುಳು ಮಾತಾಡುವವರೂ ಕೊಂಕಣಿಯವರೂ ಬಯಲುಸೀಮೆಯವರೂ ಒಂದೇ ಜಮಖಾನದ ಮೇಲೆ ಕುಳಿತು ರಾಜ್ಯೋತ್ಸವ ಮಾಡುವುದು ಇಂದು ನಮಗೆ ಸಹಜವೆನಿಸಿದೆ. ಜೋಳದ ರೊಟ್ಟಿಯವರಿಗೂ ಕುಚ್ಚಲಕ್ಕಿಯವರಿಗೂ ಈ ಸ್ನೇಹ ಬೆಳೆದದ್ದು ಶಾಲೆಯ ಬಾಡಿಗೆ ಕೋಣೆಗಳಲ್ಲಿ, ಚಾಳಿನ ಪಡಸಾಲೆಗಳಲ್ಲಿ.

ಆ ಸ್ನೇಹದ ಕಥೆ ಬರೆದಿಟ್ಟಿರುವುದು ಎಲ್ಲಿ? ಉಪನಗರದ ಸಣ್ಣ ಸಂಘಗಳಿಗೆ ಕಟ್ಟಡವಿರಲಿಲ್ಲ. ಕಾರ್ಯದರ್ಶಿಯ ಮನೆಯ ಮಂಚದಡಿಯ ಟ್ರಂಕೇ ಕಚೇರಿ. ಈಗ ನೋಡಿದರೆ ಬೊರಿವಲಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಗೋಪುರಗಳೇಳುತ್ತಿವೆ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಆ ಟ್ರಂಕು ರದ್ದಿಯವನ ಪಾಲು. ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಹೀಗೆಯೇ ಆಯಿತು. ಕನ್ನಡ ಓದಲು ಬಾರದ ಮೊಮ್ಮಗ ಅದನ್ನು ಹಳೆಯ ಪಾಠಪುಸ್ತಕಗಳ ಜೊತೆ ತೂಕಕ್ಕೆ ಹಾಕಿದ್ದ. ಅವನನ್ನು ಬಯ್ದು ಫಲವೇನು, ಅವನಿಗೆ ಓದಲು ಕಲಿಸದವರು ನಾವೇ. ಓಡಿಹೋಗಿ ತಂದದ್ದು ಒಂದೇ ನಡಾವಳಿ ಪುಸ್ತಕ. ಅದರಲ್ಲಿ ಹಾರ್ಮೋನಿಯಂ ದುರಸ್ತಿಯ ಖರ್ಚಿದೆ, ಊರಿಗೆ ಶವ ಕಳುಹಿಸಲು ಎತ್ತಿದ ವಂತಿಗೆಯಿದೆ, ನಾಟಕದಲ್ಲಿ ಹೆಂಗಸರೇ ಹೆಂಗಸರ ಪಾತ್ರ ಮಾಡಬಹುದೇ ಎಂಬುದರ ಮೇಲೆ ಎರಡು ಸಭೆ ನಡೆದ ಚರ್ಚೆಯಿದೆ. (ಮಾಡಬಹುದೆಂದೇ ತೀರ್ಮಾನ.)

ಕಾನ್ಹೇರಿಯ ಲೆಕ್ಕ ಕಲ್ಲಿನಲ್ಲಿದ್ದುದರಿಂದ ಸಾವಿರ ವರ್ಷ ಬಾಳಿತು. ನಮ್ಮದು ಕಾಗದ. ಓದುಗ ಬಂಧುಗಳ ಮನೆಗಳಲ್ಲಿ ಹಳೆಯ ನಡಾವಳಿ ಪುಸ್ತಕ, ನಾಟಕದ ಕರಪತ್ರ, ವಂತಿಗೆಯ ರಸೀದಿ, ವನಭೋಜನದ ಭಾವಚಿತ್ರ ಏನಿದ್ದರೂ ಸಂಘಕ್ಕೆ ತಂದು ತೋರಿಸಬೇಕೆಂದು ಕೇಳಿಕೊಳ್ಳುತ್ತೇವೆ. ಕೊಡಲು ಮನಸ್ಸಿಲ್ಲದವರು ಒಂದು ಭಾನುವಾರದ ಮಟ್ಟಿಗೆ ತಂದರೂ ಸಾಕು. ಪ್ರತಿ ತೆಗೆದುಕೊಂಡು ಅಂದೇ ಹಿಂದಿರುಗಿಸುತ್ತೇವೆ. ಭಾವಚಿತ್ರವಾದರೆ ಹಿಂಬದಿಯಲ್ಲಿ ಯಾರು ಯಾರೆಂದು ಪೆನ್ಸಿಲಿನಲ್ಲಿ ಬರೆದು ತರಬೇಕು. ಗುರುತು ಹೇಳಬಲ್ಲ ಅಜ್ಜಿಯಂದಿರು ಮನೆಯಲ್ಲಿದ್ದರೆ ಅವರನ್ನೂ ಕರೆತನ್ನಿ.